ಅಪ್ಪನ ಸನಾದಿಯ ಆರೈಕಿ

ಕಟಗಿ ವಾದ್ಯ ಮನ್ಯಾಗ ಇಟ್ಟುಕೊಂಡವಗ ಫಜೀತಿಗೆ ಬರ ಇಲ್ಲ. ಮದಿವಿ, ಮುಂಜಿವಿಯೊಳಗ ಊದೋ ಸನಾದಿ ನಂದು, ಅಪ್ಪನಿಂದ ಬಂದದ್ದು. ಎರಡು ಸಾವಿರದ ಇಸವಿ ದಾಟಿದ ಮ್ಯಾಲೆ ನಮ್ಮ ಹಾವೇರಿ ಮಂದಿ ಮದಿವಿಗೆ ಕ್ಯಾಸೆಟ್ ಹಚ್ಚಾಕ ಶುರು ಮಾಡಿದ್ರು. "ಆ ಹಳೇ ಕೊಳವಿ ಅಟ್ಟಕ್ಕ ಒಗಿಯೋ," ಅಂದ ನಮ್ಮಣ್ಣ. ನಾ ಬಿಡತೇನೇನು? ನನ್ನಾಗ ಉಸಿರು ಇರೂತನಕ ಊದೂದ, ಅಂದೆ.

೧. ಎಣ್ಣಿ

ಕಟಗಿ ಒಣಗಿ ಸೀಳಬಾರದು ಅಂತ ಆಗಾಗ ಎಣ್ಣಿ ಸವರಬೇಕು. ನಾ ಗುತ್ತಲಕ್ಕ ಹೋದಾಗ ಒಂದಿನ ಹೆಂಡತಿನ ಸವರಿಟ್ಲು. ಮರುದಿನ ಒಂದು ಗೃಹಪ್ರವೇಶ. ನಾ ಊದಾಕ ಹತ್ತಿದ್ದ ತಡ, ಮುಂದ ಕುಂತವರೆಲ್ಲಾ ಮೂಗು ಅರಳಿಸಿ ಅಡಗಿಮನಿ ಕಡೆ ಹೊಳ್ಳಿ ನೋಡಾಕತ್ರು. ಪೂಜಿ ಇನ್ನೂ ಅರ್ಧ ಆಗಿತ್ತು, ಒಬ್ಬ ಹಿರ್ಯಾರು ಕೇಳೇಬಿಟ್ರು: "ಮಿರ್ಚಿ ಕರದಾರಲ್ಲ, ಎಲಿ ಯಾವಾಗ ಹಾಕತೀರಿ?"

ಮನಿಗೆ ಬಂದು ಹೆಂಡತಿನ್ನ ಕೇಳಿದೆ. "ಮಿರ್ಚಿ ಕರದ ಎಣ್ಣಿ ಉಳದಿತ್ರಿ. ಚೆಲ್ಲೂದಕ್ಕಿಂತ ಛಲೋ ಅಲ್ಲೇನು?" ಅಂದ್ಲು.

೨. ಬಿರುಕು

ಅಷ್ಟು ಎಣ್ಣಿ ಕುಡದೂ ಸನಾದಿ ಬಿರುಕು ಬಿಟ್ಟಿತು. ರಾಣೆಬೆನ್ನೂರಿನ ಬಡಿಗ್ಯಾರೊಬ್ಬರ ಕಡೆ ಒಯ್ದೆ. ಬಾಗಲಾ, ಮಂಚ ಮಾಡೂದ್ರಾಗ ಎತ್ತಿದ ಕೈ. "ಬಿಟ್ಟು ಹೋಗ್ರಿ, ಹೊಸಾದ್ರಂಗ ಮಾಡಿ ಕೊಡತೇನಿ," ಅಂದ್ರು. ಎರಡು ದಿನಾ ಬಿಟ್ಟು ಹೋಗಿ ಊದಿ ನೋಡಿದೆ. ಯಾವ ಬೆರಳು ಎತ್ತಿದ್ರೂ ಒಂದ ದನಿ, ಭೋಂ! ಕೆಳಗ ನೋಡತೇನಿ, ತೂತ ಇಲ್ಲ.

"ಹುಳ ಭಾಳ ತಿಂದಿತ್ರೀ," ಅಂದ್ರು ಬಡಿಗ್ಯಾರು. "ಸಾಲು ಹಿಡದು ಎಂಟು ತೂತು ಕೊರದಿತ್ತು. ಅಂಟಿನಾಗ ಕಟಗಿ ಹೊಟ್ಟು ಕಲಸಿ ಎಲ್ಲಾ ತುಂಬೇನಿ. ಅರ್ಧಮರ್ಧ ಕೆಲಸಾ ಮಾಡಾಂವಲ್ಲ ನಾ!"

ಕಾಸಿದ ತಂತಿ ಹಿಡಕೊಂಡು ಎಂಟೂ ತೂತು ನಾನ ಮತ್ತ ತಗದೆ. ಬೆರಳು ಸುಟ್ಟವು, ಹಟ ಸುಡಲಿಲ್ಲ.

೩. ಹುಳ

ಹೆಂಡತಿ ನಗಲಿ ಅಂತ ಈ ಸುದ್ದಿ ಹೇಳಿದ್ದ ತಪ್ಪಾತು. ಆಕಿ "ಹುಳ" ಅನ್ನೂದೊಂದ ಹಿಡಕೊಂಡ್ಲು.

ಮುಂದ ಬ್ಯಾಡಗ್ಯಾಗ ಒಂದು ಮದಿವಿ. ಹುಡುಗಿ ಅಪ್ಪ ಮೆಣಸಿನಕಾಯಿ ಸಾವಕಾರ್ರು. "ಸ್ವರ ತಪ್ಪಿತು ಅಂದ್ರ ಕ್ಯಾಸೆಟ್ ಹಚ್ಚಿಸೇನಿ ನೋಡ್ರಿ," ಅಂತ ಮೊದಲ ಹೇಳಿದ್ರು. ಆ ವರ್ಷ ನನಗ ಸಿಕ್ಕದ್ದು ಅದೊಂದ ಮದಿವಿ. ಅದೂ ಕ್ಯಾಸೆಟ್ಟಿನ ಪಾಲಾದ್ರ ಅಪ್ಪನ ಸನಾದಿ ಅಟ್ಟಕ್ಕನ.

ಅಕ್ಷತಾ ಹಾಕೂ ಹೊತ್ತಿಗೆ ಸನಾದಿ ಚೀಲದಿಂದ ತಗದು ಬಾಯಿಗಿಟ್ಟೆ. ಅಯ್ಯಯ್ಯೋ! ತುಟಿ ಧಗಧಗ ಉರೀತು. ಅಕ್ಕಿ ಡಬ್ಬ್ಯಾಗ ಹುಳ ಬೀಳಬಾರದಂತ ಹಾಕೋಹಂಗ ಹೆಂಡತಿ ಸನಾದಿ ಚೀಲದ ತುಂಬ ಒಣ ಮೆಣಸಿನಕಾಯಿ ಮುರದು ತುಂಬಿದ್ಲು. "ಬ್ಯಾಡಗಿ ಕಾಯಿ ಬರೇ ಬಣ್ಣಕ್ರೀ, ಹುಳಕ್ಕ ಗುಂಟೂರದ್ದ ಬೇಕು," ಅಂತ ಆಮ್ಯಾಲೆ ಬುದ್ಧಿ ಬ್ಯಾರೆ ಹೇಳಿದ್ಲು.

ನಿಲ್ಲಿಸಿದ್ರ ಕ್ಯಾಸೆಟ್. ನಾ ನಿಲ್ಲಿಸಲಿಲ್ಲ. ಕಣ್ಣು, ಮೂಗು ಎಲ್ಲಾ ಹರಿಯಾಕತ್ತಿದ್ರೂ ತಾಳಿ ಕಟ್ಟೂತನಕ ಊದಿದೆ. ಊದಿದ್ದೆಲ್ಲಾ ಎದುರಿಗೆ ನಿಂತ ಸಾವಕಾರ್ರ ಮಾರಿಗೇ ಹೋಗತಿತ್ತು. ಅವರು ಬಿಕ್ಕಿದ್ರು, ಟವೆಲ್‌ನಾಗ ಕಣ್ಣು ಒರಸ್ಕೊಂಡ್ರು, ಕಡೀಕ ಓಡಿ ಬಂದು ನನ್ನ ಅಪ್ಪಿಕೊಂಡ್ರು.

"ಮೂವತ್ತು ವರ್ಷ ಮೆಣಸಿನಕಾಯಿ ಚೀಲದ ಮ್ಯಾಲೆ ಕುಂತೇನ್ರೀ, ಒಂದಿನಾನೂ ಕಣ್ಣಾಗ ನೀರು ಬಂದಿಲ್ಲ. ಇವತ್ತ ಅಳಿಸಿಬಿಟ್ರಿ! ಕ್ಯಾಸೆಟ್ಟಿಗೆ ಬರತೈತೇನ್ರೀ ಇದು?"