ನಂಬರು ನೋಡಿದರೂ ನಂಬರು

"ನನಗೆ ಟೋಪಿ ಹಾಕೋನು ಇನ್ನೂ ಹುಟ್ಟಿಲ್ಲ ಕಣಯ್ಯಾ!"

ಹೀಗೆಂದು ಊಟದ ಮೇಜು ಕುಟ್ಟಿ ಘೋಷಿಸಿದವನು ಕನ್ನಡಕದಣ್ಣ. ಪೇಟೆಯ ತಿರುವಿನಲ್ಲಿ ಅವನದೊಂದು ಕನ್ನಡಕದ ಅಂಗಡಿ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎದುರು ಗೋಡೆಯ ಅಕ್ಷರಗಳನ್ನು ಓದಿಸಿ, ನಂಬರು ಕಂಡುಹಿಡಿಯುವುದು ಅವನ ಕಸುಬು. ಹಾಗಾಗಿ ಭೂಮಂಡಲದ ಯಾವ ನಂಬರೂ ತನ್ನೆದುರು ಬಾಲ ಬಿಚ್ಚಲಾರದು ಎಂಬುದು ಅವನ ಅಚಲ ನಂಬಿಕೆ.

ಘೋಷಣೆಗೆ ಕಾರಣ, ಎದುರಿಗೆ ತಲೆ ತಗ್ಗಿಸಿ ಕೂತಿದ್ದ ಭಾವಮೈದ. ಯಾರೋ ಪೊಲೀಸರೆಂದು ಹೇಳಿಕೊಂಡು ಫೋನ್ ಮಾಡಿ, "ನಿನ್ನ ಹೆಸರಿನ ಪಾರ್ಸೆಲ್ ಸಿಕ್ಕಿಬಿದ್ದಿದೆ, ಕೂತಲ್ಲಿಂದ ಕದಲಬೇಡ" ಎಂದಿದ್ದರಂತೆ. ಪಾಪ, ಇವನು ಅಕ್ಕ ಬಂದು ಫೋನ್ ಕಿತ್ತುಕೊಳ್ಳುವವರೆಗೂ ಬಾತ್‌ರೂಮಿಗೂ ಹೋಗದೆ ಕೂತಿದ್ದ!

"ಧೈರ್ಯ ಬೇಕಪ್ಪಾ, ಧೈರ್ಯ!" ಎಂದ ಕನ್ನಡಕದಣ್ಣ.

"ನಿಮ್ಮ ಧೈರ್ಯ ಗೊತ್ತಿಲ್ವಾ? ಜಿರಳೆ ಬಂದ್ರೆ ನನ್ನನ್ನ ಕರೀತೀರ" ಎಂದಳು ಹೆಂಡತಿ.

ಹೆಂಡತಿ ಕಾರು ಓಡಿಸಲು ಕಲಿಸುವವಳು. ಅವಳು "ಬ್ರೇಕ್!" ಎಂದು ಒಮ್ಮೆ ಗದರಿದರೆ ಕಲಿಯುವವರ ಕಾರಷ್ಟೇ ಅಲ್ಲ, ಹಿಂದೆ ಬರುವ ಬಸ್ಸೂ ನಿಲ್ಲುತ್ತದೆ. ಮನೆಯಲ್ಲೂ ಅದೇ ಧ್ವನಿ, ಅದೇ ಫಲಿತಾಂಶ.

ಮರುದಿನ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ನಮಸ್ಕಾರ, ಪೇಟೆ ತಿರುವಿನ ಕನ್ನಡಕದ ಅಂಗಡಿ!"

"ಓಹೋ, ಅಂಗಡಿ ಬೇರೆ ಇಟ್ಕೊಂಡಿದ್ದೀಯಾ?" ಗುಡುಗಿತು ಅತ್ತಣ ಗಂಟಲು. "ನಮ್ಮಮ್ಮನಿಗೆ ಫೋನ್ ಮಾಡಿ, ಮಗನನ್ನ ಪೊಲೀಸ್ರು ಹಿಡಿದಿದ್ದಾರೆ ಅಂತ ಅಳಿಸ್ತೀಯೇನೋ? ಪೇಟೆ ತಿರುವು ಅಂದ್ಯಲ್ಲ, ಬರ್ತೀನಿ ಇರು!"

ಕನ್ನಡಕದಣ್ಣ ಫೋನನ್ನು ಕಿವಿಯಿಂದ ದೂರ ಹಿಡಿದ. ಅದನ್ನು ಕೆಳಗಿಡುವ ಮೊದಲೇ ಇನ್ನೊಂದು ಕರೆ. "ಥೂ, ನಾಚಿಕೆಯಾಗಲ್ವಾ?" ಮತ್ತೊಂದು. "ನಿನ್ನ ನಂಬರು ಪೊಲೀಸರಿಗೆ ಕೊಟ್ಟಿದ್ದೀನಿ!" ಇವನು ಯಾರಿಗೂ ಫೋನ್ ಮಾಡಿರಲಿಲ್ಲ. ಬೆಳಗಿನಿಂದ ಹಲ್ಲುಜ್ಜುವ ಬ್ರಷ್ಷನ್ನು ಬಿಟ್ಟರೆ ಏನನ್ನೂ ಒತ್ತಿರಲಿಲ್ಲ!

ಅಷ್ಟರಲ್ಲಿ ಬಾಗಿಲ ತುಂಬ ಒಬ್ಬ ಆಸಾಮಿ ನಿಂತ. ಒಂದೊಂದು ತೋಳೂ ಒಂದೊಂದು ದಿಂಬಿನಷ್ಟು. "ನಿಮ್ಮನ್ನೇ ಹುಡುಕ್ಕೊಂಡು ಬಂದೆ" ಎಂದ.

ಕನ್ನಡಕದಣ್ಣ ಗಲ್ಲಾಪೆಟ್ಟಿಗೆಯ ಹಿಂದೆ ಕುಸಿದ. "ನಾನಲ್ಲಣ್ಣಾ! ನಿಮ್ಮಮ್ಮನ ಆಣೆಗೂ ನಾನಲ್ಲ!"

ಆಸಾಮಿ ಬಗ್ಗಿ ನೋಡಿದ. "ಏನ್ ಸಾರ್ ಹುಡುಕ್ತಿದ್ದೀರ? ನನಗೆ ಓದೋ ಕನ್ನಡಕ ಬೇಕಿತ್ತು."

ಆ ಮಹಾನುಭಾವನಿಗೆ ಕನ್ನಡಕ ತೊಡಿಸುವಾಗ ನಮ್ಮ ವೀರನ ಕಣ್ಣು ಬಾಗಿಲ ಮೇಲೇ ಇದ್ದುದರಿಂದ, ಕಡ್ಡಿ ಕಿವಿಗೆ ಹೋಗುವ ಬದಲು ಮೂಗಿಗೆ ಹೋಯಿತು. ಅವನನ್ನು ಸಾಗಹಾಕಿದವನೇ ಭಾವಮೈದನಿಗೆ ಫೋನ್ ಮಾಡಿದ.

"ಭಾವಾ, ಕಳ್ಳರು ನಿಮ್ಮ ನಂಬರಿನ ವೇಷ ಹಾಕ್ಕೊಂಡಿದ್ದಾರೆ" ಎಂದ ಭಾವಮೈದ, ಪೆಟ್ಟು ತಿಂದವನ ಅನುಭವದಿಂದ. "ಫೋನ್ ಮಾಡೋರು ಅವರು, ಎದುರಿನವರ ಫೋನಲ್ಲಿ ಕಾಣೋದು ನಿಮ್ಮ ನಂಬರು. ಯಾರ ನಂಬರು ಬೇಕಾದ್ರೂ ಹಾಗೆ ಕಾಣಿಸಬಹುದಂತೆ."

"ನಿಮ್ಮಕ್ಕನ ನಂಬರೂ?"

"ಅಕ್ಕನದೂ. ಈಗ ಧ್ವನಿ ಕೂಡ ಹಾಗೇ ಮಾಡ್ತಾರಂತೆ ಭಾವಾ."

ಅಲ್ಲಿಗೆ ಕನ್ನಡಕದಣ್ಣನ ಎದೆಯಲ್ಲಿ ಉಳಿದಿದ್ದ ಒಂದು ಚೂರು ಗಾಳಿಯೂ ಹೊರಟುಹೋಯಿತು. ನಂಬರನ್ನು ನಂಬುವಂತಿಲ್ಲ, ಧ್ವನಿಯನ್ನೂ ನಂಬುವಂತಿಲ್ಲ! ಅಂಗಡಿಗೆ ಬೀಗ ಜಡಿದು, ಗೋಡೆಗೆ ಒತ್ತಿಕೊಂಡು ನಡೆದು, ಮೆಟ್ಟಿಲು ಹತ್ತಿ ಮೂರನೇ ಮಹಡಿಯ ಮನೆ ಸೇರಿದ. ಚಿಲಕ ಹಾಕಿದ. ಅದರ ಮೇಲೆ ಸರಪಳಿ. ಅದೂ ಸಾಲದೆ ಸೋಫಾ ಎಳೆದು ಬಾಗಿಲಿಗೆ ಒತ್ತರಿಸಿ, ಅದರ ಮೇಲೆ ತಾನೇ ಕೂತ. ಫೋನನ್ನು ಹಾವಿನಂತೆ ದೂರದಲ್ಲಿಟ್ಟು ನೋಡತೊಡಗಿದ.

ಸಂಜೆ ಅದು ಮಿಸುಕಿತು. ತೆರೆಯ ಮೇಲೆ ಹೆಂಡತಿಯ ನಂಬರು.

"ಯಾರು?" ಎಂದ, ಉಸಿರು ಬಿಗಿಹಿಡಿದು.

"ರೀ, ನಾನು... ಲಿಫ್ಟ್ ನಿಂತುಹೋಗಿದೆ. ಲೈಟೂ ಇಲ್ಲ. ಏನೂ ಕಾಣ್ತಿಲ್ಲ. ಬೇಗ ಬನ್ನಿ, ದಯವಿಟ್ಟು..."

ದಯವಿಟ್ಟು! ಮದುವೆಯಾದಾಗಿನಿಂದ ಈ ಮಾತು ಅವಳ ಬಾಯಿಂದ ಅವನ ಕಿವಿಗೆ ಬಿದ್ದಿರಲಿಲ್ಲ. ಧ್ವನಿಯೂ ತೆಳ್ಳಗೆ ನಡುಗುತ್ತಿತ್ತು. ಬಸ್ಸು ನಿಲ್ಲಿಸುವ ಗಂಟಲೇ ಇದು? ಕಳ್ಳರು ಎಲ್ಲವನ್ನೂ ಕದ್ದಿದ್ದಾರೆ, ಗತ್ತನ್ನು ಮಾತ್ರ ಮರೆತಿದ್ದಾರೆ!

"ಹೇಳಮ್ಮಾ, ನಾವಿಬ್ಬರೂ ಮೊದಲು ಭೇಟಿಯಾಗಿದ್ದು ಎಲ್ಲಿ?"

"ಅಯ್ಯೋ, ಇದೇನ್ರೀ ಈಗ? ನಿಮ್ಮ ಅಂಗಡೀಲಿ. ನೀವು ನನಗೆ ತಪ್ಪು ನಂಬರಿನ ಕನ್ನಡಕ ಕೊಟ್ಟಿದ್ರಿ, ಜಗಳಕ್ಕೆ ಬಂದಿದ್ದೆ."

"ಸಿಕ್ಕಿಬಿದ್ದೆ! ನಾನು ಜನ್ಮದಲ್ಲಿ ಯಾರಿಗೂ ತಪ್ಪು ನಂಬರು ಕೊಟ್ಟೋನಲ್ಲ! ಇಡೇ ಫೋನು, ಕಳ್ಳಿ!"

ಕರೆ ಕತ್ತರಿಸಿ, ಬೆವರೊರೆಸಿಕೊಂಡು, ಗೆದ್ದೆನೆಂದು ಮೀಸೆಗೆ ಕೈಯಿಡುವಷ್ಟರಲ್ಲಿ, ಧಡ್! ಧಡ್! ಎಲ್ಲೋ ಹತ್ತಿರದಲ್ಲೇ ತಗಡು ಗುದ್ದುವ ಸದ್ದು. ಬಂದೇಬಿಟ್ಟ! ಅಮ್ಮನನ್ನು ಅಳಿಸಿದ್ದಕ್ಕೆ ಲೆಕ್ಕ ತೀರಿಸಲು ಬಂದೇಬಿಟ್ಟ! ಕನ್ನಡಕದಣ್ಣ ಸೋಫಾದ ಮೇಲೆ ಮಂಡಿಯೂರಿ, ಎರಡೂ ಕೈಯಿಂದ ಬಾಗಿಲನ್ನು ಅದುಮಿ ಹಿಡಿದ. ಆಗ ಬಾಗಿಲಾಚೆಯಿಂದ, ಬಾವಿಯ ತಳದಿಂದ ಬಂದ ಹಾಗೆ ಒಂದು ಕೂಗು ಕೇಳಿತು.

"ರೀ... ಉಸಿರು ಕಟ್ತಿದೆ ರೀ..."

ಫೋನು ದೂರದ ಕುರ್ಚಿಯ ಮೇಲೆ ಸುಮ್ಮನೆ ಬಿದ್ದಿತ್ತು. ಈ ಕೂಗು ಯಾವ ನಂಬರಿನಿಂದಲೂ ಬಂದದ್ದಲ್ಲ.

ಅವನು ಸೋಫಾದಿಂದ ಕೆಳಗೆ ಹಾರಿದ. ಸೋಫಾ ತಳ್ಳಿದ, ಅದು ಕದಲಲಿಲ್ಲ. ಸರಪಳಿ ಎಳೆದ, ಅದು ಬಿಗಿಯಿತು. ಕಳ್ಳರನ್ನು ತಡೆಯಲು ಮಾಡಿದ್ದ ವ್ಯವಸ್ಥೆಯೆಲ್ಲ ಈಗ ಅವನನ್ನೇ ಶ್ರದ್ಧೆಯಿಂದ ತಡೆಯಿತು! ಅಂತೂ ಹೊರಗೆ ಬಿದ್ದು, ಲಿಫ್ಟಿನ ಬಾಗಿಲ ಸಂದಿಗೆ ಬಾಯಿಟ್ಟ.

"ಇದ್ದೀಯೇನೇ? ನಾನು ಬಂದೆ, ನಾನು ಬಂದೆ!"

"ಮೆಕ್ಯಾನಿಕ್‌ಗೆ ಫೋನ್ ಮಾಡ್ರೀ..."

ನಂಬರು ಲಿಫ್ಟಿನ ಪಕ್ಕದ ಗೋಡೆಯಲ್ಲೇ ಬರೆದಿತ್ತು. ಒಳಗೋಡಿ ಫೋನ್ ತಂದು ಒತ್ತಿದ. "ಸಾರ್, ಬೇಗ ಬನ್ನಿ, ನನ್ನ ಹೆಂಡತಿ ಲಿಫ್ಟ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ದಾಳೆ!"

"ಆಹಾ!" ಎಂದ ಮೆಕ್ಯಾನಿಕ್. "ನಿಮ್ಮ ನಂಬರಿನ ಜೊತೆಗೇ 'ಮೋಸದ ಕರೆ' ಅಂತ ದೊಡ್ಡದಾಗಿ ಬರ್ತಿದೆ. ಅಳೋ ಧ್ವನಿ ಮಾತ್ರ ಚೆನ್ನಾಗಿ ಮಾಡ್ತೀರಪ್ಪ!"

"ಅಯ್ಯೋ ನಾನು ನಾನೇ! ನಿಜವಾಗ್ಲೂ ನಾನೇ ನಾನು!"

"ಕಳ್ಳರೆಲ್ಲ ಹಾಗೇ ಅನ್ನೋದು." ಕರೆ ಕಟ್ಟಾಯಿತು. ಮತ್ತೆ ಒತ್ತಿದರೆ ಎತ್ತುವವರೇ ಇಲ್ಲ.

"ನಂಬಲ್ಲ ಅಂತಾನೆ ಕಣೇ" ಎಂದ ಕನ್ನಡಕದಣ್ಣ, ಅಳುವ ಹಾಗೆ.

ಒಳಗಿನಿಂದ ಅವಳೆಂದಳು, "ನಂಬರು ಓದಿ. ನಾನೇ ಮಾಡ್ತೀನಿ."

ಅವನು ಓದಿದ. ಅವಳು ಕತ್ತಲಲ್ಲೇ ಒತ್ತಿ, ನಡುಗುತ್ತಲೇ ಮಾತಾಡಿದಳು. ಮೆಕ್ಯಾನಿಕ್ ಬರುತ್ತೇನೆಂದ. ಅಷ್ಟರಲ್ಲಿ ಅವಳ ಫೋನೂ ಆರಿತು.

"ಪೂರ್ತಿ ಕತ್ತಲು ರೀ. ಗೋಡೆಗಳು ಹತ್ತಿರ ಬಂದ ಹಾಗಾಗ್ತಿದೆ. ಏನಾದ್ರೂ ಮಾತಾಡ್ತಾ ಇರಿ."

ಬೆಳಗಿನಿಂದ ಹೆದರಿದ್ದೆಲ್ಲ ಬರೀ ಆಟ, ನಿಜವಾದ ಹೆದರಿಕೆ ಇದು ಎನ್ನಿಸಿತು ಅವನಿಗೆ. ಆದರೆ ಏನು ಮಾತಾಡುವುದು? ತಲೆ ಖಾಲಿ. ತಣ್ಣನೆಯ ನೆಲದ ಮೇಲೆ ಕೂತು, ಸಂದಿಯಲ್ಲಿ ಬೆರಳು ತೂರಿಸಿ, ಬಾಯಿಪಾಠವಾಗಿದ್ದ ಒಂದೇ ಒಂದನ್ನು ಶುರುಮಾಡಿದ. ಅದು ಅಂಗಡಿಯ ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಬೋರ್ಡು.

"ಗ... ಟ, ಲ... ಮ, ರ, ಪ..."

"ಅದರ ಕೆಳಗಿನ ಸಾಲು?" ಎಂದಳು ಕತ್ತಲೊಳಗಿಂದ.

"ದ, ಸ, ಕ, ನ..."

"ಇನ್ನೂ ಸಣ್ಣದು?"

ಬೋರ್ಡು ಮುಗಿಯಿತು. ಮತ್ತೆ ಮೊದಲಿನಿಂದ ಓದಿದ. ಅವಳ ಉಸಿರು ನಿಧಾನವಾಗುವುದು ಸಂದಿಯಲ್ಲಿ ಕೇಳಿಸುತ್ತಿತ್ತು. ಮೆಕ್ಯಾನಿಕ್ ಮೆಟ್ಟಿಲು ಹತ್ತಿ ಬಂದಾಗ ಗಂಡ "ಟ, ಲ" ಎನ್ನುತ್ತಿದ್ದ, ಹೆಂಡತಿ ಅದನ್ನೇ ಒಪ್ಪಿಸುತ್ತಿದ್ದಳು. ಅವನು ಕನ್ನಡಕದಣ್ಣನನ್ನು ಮೇಲಿನಿಂದ ಕೆಳಗೆ ನೋಡಿ, ಕೆಲಸಕ್ಕಿಳಿದ.

ಬಾಗಿಲು ಕಿರ್ರೆಂದು ತೆರೆಯಿತು. ಅರ್ಧ ಕೆಳಗೇ ನಿಂತಿದ್ದ ಲಿಫ್ಟಿನಿಂದ ಕೆದರಿದ ಕೂದಲಿನ ಹೆಂಡತಿ ಗಂಡನ ಕೈ ಹಿಡಿದು ಮೇಲೆ ಬಂದಳು. ನಿಂತಳು. ದೀರ್ಘವಾಗಿ ಉಸಿರೆಳೆದುಕೊಂಡಳು. ಆ ಉಸಿರಿನ ಜೊತೆಗೇ ಹಳೆಯ ಗಂಟಲೂ ವಾಪಸು ಬಂದಂತಿತ್ತು. ಕನ್ನಡಕದಣ್ಣ ಎರಡು ಹೆಜ್ಜೆ ಹಿಂದೆ ಸರಿದ.

ಮೆಕ್ಯಾನಿಕ್‌ಗೆ ಅನುಮಾನ ಇನ್ನೂ ಹೋಗಿರಲಿಲ್ಲ. "ಮೇಡಂ, ಇವರು ನಿಜವಾಗ್ಲೂ ನಿಮ್ಮ ಯಜಮಾನ್ರೇನಾ?"

ಅವಳು ಗಂಡನನ್ನು ನಿಧಾನವಾಗಿ ದಿಟ್ಟಿಸಿದಳು.

"ನೋಡೋಕೆ ಹಾಗೇ ಇದ್ದಾರೆ. ಆದ್ರೂ ಈ ಕಾಲದಲ್ಲಿ ಹೇಗಪ್ಪಾ ನಂಬೋದು? ನೀವು ಹೊರಡಿ. ಇವರನ್ನ ನಾನು ಒಳಗೆ ಕರ್ಕೊಂಡ್ಹೋಗಿ, ಚೆನ್ನಾಗಿ ವಿಚಾರಿಸ್ಕೋತೀನಿ!"