ಮಗಳನ್ನು ಗೆಲ್ಲಿಸಲು ಹೋದದ್ದು

ಮಗಳು ಏನು ಮಾಡುತ್ತಾಳೆ ಎಂಬ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಕೊಡುವ ತಂದೆಯರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಡಾಕ್ಟರು, ಟೀಚರು, ಎಲ್‌ಐಸಿ; ಮುಗಿಯಿತು, ಮುಂದೆ ಕಾಫಿ. ನನ್ನ ಮಗಳು ಜ್ಯೋತಿ ಕುಸ್ತಿ ಆಡುತ್ತಾಳೆ ಎಂದರೆ ಕಾಫಿ ಆರುವವರೆಗೂ ವಿಚಾರಣೆ ನಡೆಯುತ್ತಿತ್ತು. ಪದಕ ಗೆಲ್ಲುವ ಕುಸ್ತಿಯೇ? ಅಲ್ಲ, ಚಳಿಗಾಲದಲ್ಲಿ ಊರೂರು ತಿರುಗಿ, ಮೈದಾನದಲ್ಲಿ ಡೇರೆ ಹಾಕಿ, ಟಿಕೆಟ್ ಮಾರಿ ಆಡುವ ಕುಸ್ತಿ. ಗೆಲ್ಲುತ್ತಾಳೋ? ಇಲ್ಲ. ಅಯ್ಯೋ, ಯಾಕೆ? ಸೋಲುವುದೇ ಅವಳ ಕೆಲಸ. ಇಷ್ಟಾದ ಮೇಲೆ ಕೇಳಿದವರು ನನ್ನನ್ನು ನೋಡುತ್ತಿದ್ದ ನೋಟವನ್ನು ಮಾತ್ರ ನಾನು ಕೊನೆಯವರೆಗೂ ಸಹಿಸಲಿಲ್ಲ.

ಉಡುಪಿಯಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಕಲ್ಕತ್ತಕ್ಕೆ ಬಂದು, ಸದರ್ನ್ ಅವೆನ್ಯೂವಿನ ಹಿಂದಿನ ಬೀದಿಯಲ್ಲಿ ಬೇರೂರಿದ ಸಂಸಾರ ನಮ್ಮದು. ಜ್ಯೋತಿ ಜಾದವ್‌ಪುರದಲ್ಲಿ ಓದುವಾಗ ಜೂಡೊ ಕಲಿತಳು. ಅವಳ ಜೊತೆಯವರೆಲ್ಲ ಕೆಂಪು ಬಾವುಟ ಹಿಡಿದು ಮೆರವಣಿಗೆ ಹೋಗುತ್ತಿದ್ದ ಕಾಲ ಅದು. ನನ್ನ ಮಗಳು ಅಂಥದ್ದಕ್ಕೆಲ್ಲ ಹೋಗುವುದಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಹೌದು, ಹೋಗಲಿಲ್ಲ, ಹಲ್ದಾರ್‌ಬಾಬುವಿನ ಕುಸ್ತಿ ಕಂಪನಿಗೆ ಹೋದಳು. ಅವರು ಅವಳಿಗೆ 'ಮದ್ರಾಸಿ ಬಾಘಿನಿ' ಎಂದು ಹೆಸರಿಟ್ಟರು. ಅಂದರೆ ಮದ್ರಾಸಿನ ಹೆಣ್ಣುಹುಲಿ. ನನಗೆ ಹುಲಿಗಿಂತ ಮದ್ರಾಸಿನ ಮೇಲೆಯೇ ಸಿಟ್ಟು. ಉಡುಪಿ ಎಲ್ಲಿ, ಮದ್ರಾಸು ಎಲ್ಲಿ? "ದಾದಾ, ಒರಿಸ್ಸಾ ದಾಟಿದ ಮೇಲೆ ನಮ್ಮ ಜನಕ್ಕೆ ಎಲ್ಲ ಮದ್ರಾಸೇ," ಎಂದು ಹಲ್ದಾರ್‌ಬಾಬು ಸಮಾಧಾನ ಹೇಳಿದರು.

ಹೊರಗಿನ ಊರಿನ ಹುಲಿಯೆಂದ ಮೇಲೆ ದುಷ್ಟ ಪಾತ್ರ ಅವಳಿಗೇ. ರೆಫರಿ ಅತ್ತ ತಿರುಗಿದಾಗ ಎದುರಾಳಿಯ ಜಡೆ ಜಗ್ಗುವುದು, ಜನರಿಂದ ಬೈಸಿಕೊಳ್ಳುವುದು, ಕೊನೆಗೆ ಬಂಗಾಳದ ಹುಡುಗಿಯ ಕೈಯಲ್ಲಿ ಅಂಗಾತ ಬೀಳುವುದು. ಯಾರು ಬೀಳಬೇಕೆಂದು ಬೆಳಿಗ್ಗೆಯೇ ಚಹಾ ಕುಡಿಯುತ್ತ ಮಾತಾಡಿಕೊಂಡಿರುತ್ತಿದ್ದರು. "ಇದೆಂಥ ಕಳ್ಳಾಟ!" ಎಂದು ನಾನು ಕೂಗಾಡುತ್ತಿದ್ದೆ. "ಒಂದು ಸಲ ಬಿದ್ದು ನೋಡು ಅಪ್ಪಾ, ಆಮೇಲೆ ಫೇಕ್ ಅನ್ನು," ಎನ್ನುತ್ತಿದ್ದಳು ಅವಳು. ಬೀಳುವುದು ಕಳ್ಳಾಟವಾಗಿರಲಿಲ್ಲ. ಅವಳ ಬಲಭುಜಕ್ಕೆ ನನ್ನ ಹೆಂಡತಿ ವಿಮಲಾ ಎಣ್ಣೆ ತಿಕ್ಕುವಾಗ ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂರುತ್ತಿದ್ದೆ. ಹೆತ್ತವನಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಕಡೆಗೆ ಡಾಕ್ಟರು, ಇನ್ನೊಂದು ಚಳಿಗಾಲ ಆಡಿದರೆ ಈ ಕೈ ತಲೆ ಬಾಚಲಿಕ್ಕೂ ಏಳುವುದಿಲ್ಲ ಎಂದರು. ಜ್ಯೋತಿ ಕುಸ್ತಿ ಬಿಡಲು ಒಪ್ಪಿದಳು. ಗಾರ್ಡನ್ ರೀಚಿನ ಮೈದಾನದಲ್ಲಿ ಕೊನೆಯ ಆಟ. ಎದುರಾಳಿ ಪೂರ್ಣಿಮಾ, ಜ್ಯೋತಿಯೇ ತಯಾರು ಮಾಡಿದ ಹೊಸ ಹುಡುಗಿ. ಆ ಕಸುಬಿನಲ್ಲಿ ಒಂದು ಕ್ರಮವುಂಟು: ಬಿಟ್ಟು ಹೋಗುವವರು ಹೊಸದಾಗಿ ಬಂದವರ ಕೈಯಲ್ಲಿ ಸೋತೇ ಹೋಗಬೇಕು. ಅದನ್ನು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮ ಬ್ಯಾಂಕಿನಲ್ಲಿ ಒಂದು ದಿನವೂ ನೆಟ್ಟಗೆ ಕೆಲಸ ಮಾಡದವನಿಗೂ ಹೋಗುವಾಗ ಶಾಲು ಹೊದಿಸುತ್ತೇವೆ. ಜನ್ಮವಿಡೀ ಸೋತವಳು ಹೋಗುವಾಗಲೂ ಸೋಲಬೇಕೇ?

"ಹಲ್ದಾರ್‌ಬಾಬು ಹತ್ತಿರ ಮಾತಾಡಿ ಬರುತ್ತೇನೆ. ಒಂದು ಸಲ ಅವಳು ಗೆಲ್ಲಲಿ," ಎಂದೆ.

"ಎಂತ ಮಾರಾಯ್ರೆ ನೀವು!" ಎಂದಳು ವಿಮಲಾ. "ಮೊದಲೇ ನಿಗದಿ ಮಾಡ್ತಾರೆ ಅಂತ ಇಷ್ಟು ವರ್ಷ ಬೈದದ್ದು ಯಾರು? ಈಗ ನೀವೇ ನಿಗದಿ ಮಾಡಿಸ್ಲಿಕ್ಕೆ ಹೊರಟದ್ದಾ?"

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ನಮ್ಮ ಪಾಡಾದ, ಅಂದರೆ ಕೇರಿಯ, ಪಾರ್ಟಿ ಆಫೀಸಿನಿಂದ ಒಂದು ಮಾತು ಹೇಳಿಸೋಣವೇ ಎಂದೂ ಯೋಚಿಸಿದೆ. ಆಗೆಲ್ಲ ಬೀದಿ ನಲ್ಲಿ ಕೆಟ್ಟರೂ ನಾವು ಹೋಗುತ್ತಿದ್ದುದು ಅಲ್ಲಿಗೇ. ಅದರ ಬದಲು ಒಂದು ಡಬ್ಬಿ ಸಂದೇಶ್ ಮಿಠಾಯಿ ಕೊಂಡುಹೋದೆ. ಹಲ್ದಾರ್‌ಬಾಬು ಒಂದನ್ನು ಬಾಯಿಗಿಟ್ಟುಕೊಂಡು, ನನ್ನ ಮುಖ ನೋಡಿ, "ಆಯಿತು ದಾದಾ. ತಂದೆ ಕೇಳುತ್ತಿದ್ದೀರಿ. ಬಾಘಿನಿ ಗೆಲ್ಲುತ್ತಾಳೆ," ಎಂದರು. ಅಂದೇ ಹೋಗಿ ಪರಿಚಯದ ಕನ್ನಡದ ಮನೆಯವರನ್ನೆಲ್ಲ ಆಟಕ್ಕೆ ಕರೆದು ಬಂದೆ. "ತಪ್ಪಿಸಬೇಡಿ, ಈ ಸಲ ಗೆಲ್ಲುತ್ತಾಳೆ," ಎಂದೆ. ಅದು ನಿಮಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ, ಪುಣ್ಯಾತ್ಮರು.

ಆಟದ ದಿನ ಎಲ್ಲರೂ ಮುಂದಿನ ಸಾಲಿನಲ್ಲಿ ಕುಳಿತೆವು. ನನ್ನ ಮಡಿಲಲ್ಲಿ ಗೊಂಡೆಹೂವಿನ ಹಾರ. ಎಂದಿನಂತೆ ಕರೆಂಟು ಹೋಗಿ, ಜನರೇಟರಿನ ಗದ್ದಲದಲ್ಲಿ ಆಟ ಶುರುವಾಯಿತು. ಜ್ಯೋತಿ ಆ ಹುಡುಗಿಯನ್ನು ಸೊಂಟಕ್ಕೆ ಕೈ ಹಾಕಿ ಎತ್ತಿ ಹಿಡಿದಳು. ಇನ್ನು ಕೆಳಕ್ಕೆ ಹಾಕಿ ಭುಜ ಅದುಮಿದರೆ ಮುಗಿಯಿತು. ನಾನು ಹಾರ ಬಿಡಿಸಿಕೊಂಡು ಎದ್ದುನಿಂತೆ. ಜ್ಯೋತಿ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ಬೇಡವೆಂಬಂತೆ ತಲೆಯಲ್ಲಾಡಿಸಿದಳು. ಇವಳು ಇನ್ನೊಮ್ಮೆ ಹೇಳಿ, ಹಿಡಿತ ಸಡಿಲಿಸಿದಳು. ಅಷ್ಟೆ, ಪೂರ್ಣಿಮಾ ಜಾರಿ ಇಳಿದು, ನನ್ನ ಮಗಳನ್ನು ಹೆಗಲ ಮೇಲಿಂದ ಎತ್ತಿ ರಿಂಗಿನ ಹಲಗೆಗೆ ಒಗೆದಳು. ನೋವಿನ ಭುಜದ ಮೇಲೆಯೇ ಬಿದ್ದಳು ನನ್ನ ಕೂಸು.

"ಏ ಜ್ಯೋತೀ, ಏಳೇ! ಏಳು!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಏಳಲಿಲ್ಲ. ರೆಫರಿ ಎಣಿಸಿ ಮುಗಿಸಿದ. ಇಡೀ ಗಾರ್ಡನ್ ರೀಚೇ ಎದ್ದು ಪೂರ್ಣಿಮಾ, ಪೂರ್ಣಿಮಾ ಎಂದು ಬೊಬ್ಬೆ ಹೊಡೆಯಿತು.

ಡೇರೆಯ ಹಿಂದೆ ಅವಳು ಭುಜಕ್ಕೆ ಐಸ್ ಒತ್ತಿಕೊಂಡು ಕುಳಿತಿದ್ದಳು. ಹಾರ ಕೈಯಲ್ಲೇ ಹಿಡಿದು ನಾನು ಅವಳೆದುರು ನಿಂತೆ. "ಹಲ್ದಾರ್‌ಬಾಬು ನನಗೆ ಮಾತು ಕೊಟ್ಟಿದ್ದರು!"

"ಗೊತ್ತು ಅಪ್ಪಾ. ನನಗೆ ಹೇಳಿದ್ರು. ನಾನೇ ಕೇಳ್ಲಿಲ್ಲ."

"ಯಾಕೆ? ಒಂದೇ ಒಂದು ಸಲ ಗೆದ್ದಿದ್ದರೆ ಏನಾಗುತ್ತಿತ್ತು? ನಾನೊಂದು ಸಲ ನೋಡಬೇಡವೇ?"

ಅವಳು ವಿಮಲಾಳ ಮುಖ ನೋಡಿದಳು. ವಿಮಲಾ ಅತ್ತ ತಿರುಗಿದಳು.

"ನಾನು ಗೆದ್ದಿದ್ದೇನಲ್ಲ ಅಪ್ಪಾ, ಫಸ್ಟ್ ಡೇ," ಎಂದಳು ಜ್ಯೋತಿ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ಅವತ್ತು ಮಾಲತಿದಿ ಕಂಪನಿ ಬಿಟ್ಟು ಹೋಗ್ತಾ ಇದ್ರು, ನನ್ನ ಕೈಯಲ್ಲಿ ಸೋತು ಹೋದ್ರು. ಪೂರಾ ಮೈದಾನ್ ಕ್ಲ್ಯಾಪ್ ಮಾಡ್ತು. ಅಮ್ಮ ಬಂದಿದ್ರು. ನೀನು ಬರ್ಲಿಲ್ಲ."

ಆ ದಿನ ನಾನು ಎಲ್ಲಿದ್ದೆ ಎಂದು ನೆನಪು ಮಾಡಿಕೊಳ್ಳಲು ಕಷ್ಟಪಡಬೇಕಾಗಲಿಲ್ಲ. ಮನೆಯಲ್ಲೇ ಇದ್ದೆ, ಬ್ಯಾಂಕಿಗೂ ರಜೆ. ಊರಿನ ಕಡೆಯ ನೆಂಟರು ಬಂದಿದ್ದರು. ಮಗಳೆಲ್ಲಿ ಎಂದು ಕೇಳಿದಾಗ, ಟೈಪಿಂಗ್ ಕ್ಲಾಸಿಗೆ ಹೋಗಿದ್ದಾಳೆ ಎಂದು ಹೇಳಿ, ಅವರಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸುತ್ತಿದ್ದೆ.