ಎಂಟು ಚುಕ್ಕಿಯ ಅಂಜಿಕೆ

ಅಂಜಿಕೆ ಅನ್ನೋದು ತಾರ್ ಆಫೀಸಿನ ಹೊಸ್ತಿಲ ಮೇಲೇ ಕುಂತಿರ್ತದ. ಬಾಗಿಲು ತೆಗೆಯೋದೇ ತಡ, ನಮಗಿಂತ ಮೊದಲು ಒಳಗೆ ಬರ್ತದ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಾನು ತಾರ್ ಬಾಬು, ಟೆಲಿಗ್ರಾಂ ಗುಮಾಸ್ತ. ನಿಜಾಮರ ಕಾಲದ ನೌಕರರನ್ನೆಲ್ಲ ತೆಗೀತಾರಂತ ಸುದ್ದಿ. ದಿನಾ ಲಿಂಗಪೂಜೆ ಮುಗಿಸಿ, “ಬಸವಣ್ಣಾ, ನನ್ನ ಕುರ್ಚಿ ಕಾಯಪ್ಪಾ” ಎಂದೇ ಹೊರಡುತ್ತಿದ್ದೆ. ಆಗ ಮೈಸೂರು ಕಡೆಯ ಹೊಸ ಸಾಹೇಬರ ಹುಕುಂ ಬಂತು: ಯಂತ್ರದಲ್ಲಿ ಕೇಳಿದ್ದು ಒಂದೂ ಬಿಡಬಾರದು, ಅಕ್ಷರವಲ್ಲದ ಸಪ್ಪಳಕ್ಕೂ ಗುರುತು ಹಾಕಬೇಕು. “ತಡೀರಿ” ಎಂಬ ಸಪ್ಪಳಕ್ಕೆ ಸೊನ್ನೆ. “ಹಿಂದಿನ ಮಾತು ತಪ್ಪು, ಬಿಡ್ರಿ” ಎಂಬುದಕ್ಕೆ ಎಂಟು ಚುಕ್ಕಿ. ಹುಕುಂ ಇದ್ದದ್ದು ಆಫೀಸಿನ ನಕಲಿಗೆ ಮಾತ್ರ. ಅಂಜಿ ನಾನು ಜನರಿಗೆ ಕೊಡುವ ಕಾಗದದಲ್ಲೂ ಹಾಕಿದೆ. ತಾರಿನ ಇಂಗ್ಲಿಷ್ ಬಾರದವರಿಗೂ ಆ ಗುರುತು ಮಾತ್ರ ಚಂದಾಗಿ ಕಾಣುತ್ತಿತ್ತು.

ಬೀದರ

ಗಾಂಧಿ ಗಂಜ್ ಪೇಟೆಯ ಅಡತಿ ವ್ಯಾಪಾರಿಯೊಬ್ಬರಿಗೆ ತಾರು. “ಮಗಳಿಗೆ ಹೆರಿಗಿ ಆಗ್ಯಾದ್ರಿ” ಎಂದು ನಾನು ಓದಿ ಹೇಳುವಷ್ಟರಲ್ಲಿ ಅವರ ಕಣ್ಣು ಸೊನ್ನೆಯ ಮೇಲೆ ಬಿತ್ತು.

“ಸೊನ್ನಿ ಯಾಕ್ರಿ ಬಾಬು? ಕೂಸು ಇಲ್ಲೇನ್ರಿ?” ಎನ್ನುತ್ತ ನೆಲಕ್ಕೆ ಕುಸಿದರು.

“ಗಂಡು ಕೂಸು ಅದರಿ! ಕಳಿಸಾಂವ ನಡುವ ಚಹಾ ಕುಡ್ಯಾಕ ‘ತಡೀರಿ’ ಅಂದಾನ, ಅಷ್ಟೇ.”

ಬೆವರು ಒರೆಸಿಕೊಂಡರು. “ಇನ್ನಮ್ಯಾಲ ಕಪ್ಪು-ಬಸಿ ಚಿತ್ರಾ ತಗೀರಿ. ನನ್ನ ಜೀವಾ ಹೋಗಿತ್ತು.”

ಭಾಲ್ಕಿ

ರಜೆ ಹಾಕಿದವರ ಬದಲಿಗೆ ಭಾಲ್ಕಿಗೆ ಹೋಗಿದ್ದೆ. ಒಬ್ಬ ಅಜ್ಜಿ, ಮಗ ಫೌಜಿನಲ್ಲಿ. ತಾರಿನ ಮೇಲೆ ಬೆರಳಾಡಿಸಿ ಚುಕ್ಕಿ ಎಣಿಸಿದಳು.

“ಎಂಟು ಗುಂಡು ಬಿದ್ದಾವೇನೋ ಯಪ್ಪಾ?”

“ಇಲ್ಲವ್ವಾ, ಮಗಾ ಆರಾಮ ಅದಾನ. ಇದು ‘ನಂದು ತಪ್ಪಾತು’ ಅನ್ನೋ ಗುರುತು.”

ಅಜ್ಜಿ ಕಾಗದ ತಿರುಗಿ ಕೊಟ್ಟಳು. “ಹಂಗಾದ್ರ ಈ ತಾರು ನನ್ನ ಮಗಂದಲ್ಲ. ಹುಟ್ಟಿದಾಗಿಂದ ಒಮ್ಮಿನೂ ತಪ್ಪು ಒಪ್ಪಿದಾಂವಲ್ಲ!”

ಔರಾದ

ಕಡೆಗೆ ಬದಲಿ ಕೆಲಸಕ್ಕೆ ಔರಾದಿಗೆ ಕಳಿಸಿದರು; ಮನೆಯಾಕೆಯೂ ಜೊತೆಗೆ ಬಂದಳು. ಅಲ್ಲಿ ನನ್ನ ಸರದಿ. ಸಾಹೇಬರ ತಾರು ಯಂತ್ರದಲ್ಲಿ ಬಡಿಯಿತು: “ಬಾಬುವನ್ನು ಕೆಲಸದಿಂದ ತೆಗೆಯಲು...” ಮುಂದೆ ಕೈ ಬರೆಯಿತು, ಕಣ್ಣು ನೋಡಲಿಲ್ಲ. ಮನೆಯಾಕೆಗೆ ಗಂಟುಮೂಟೆ ಕಟ್ಟಲು ಹೇಳಿದೆ. “ಶಿವನ ಇಚ್ಛಾ” ಎಂದು ರಾಜೀನಾಮೆ ಬರೆದಿಟ್ಟೆ. ತೆಗೆಸಿಕೊಳ್ಳುವುದಕ್ಕಿಂತ ಬಿಡುವುದು ಮೇಲು.

ಮರುದಿನ ಸಾಹೇಬರು ಬಂದರು. ಬೀಗದ ಕೈ, ರಾಜೀನಾಮೆ ಎರಡೂ ಮುಂದಿಟ್ಟು ಕೈಮುಗಿದು ನಿಂತೆ.

“ಏನ್ರೀ ಇದು?”

ತಾರು ತೋರಿಸಿದೆ. ಅವರು ಜೋರಾಗಿ ಓದಿದರು: “ಬಾಬುವನ್ನು ಕೆಲಸದಿಂದ ತೆಗೆಯಲು, ಎಂಟು ಚುಕ್ಕಿ, ಬಾಬುವಿನ ಕೆಲಸ ನೋಡಲು ಬರುತ್ತಿದ್ದೇನೆ.” ತಲೆಯೆತ್ತಿದರು. “ಈ ಚುಕ್ಕಿ ಇಟ್ಟೋರು ಯಾರು?”

“ನಾನೇರಿ.”

“ಊರಿಗೆಲ್ಲ ಅದರ ಅರ್ಥ ಹೇಳಿದೋರು?”

“ನಾನೇರಿ.”

ಸಾಹೇಬರು ನಗಲಿಲ್ಲ. ಕೆಂಪು ಶಾಯಿಯ ಲೇಖನಿ ಇಸಿದುಕೊಂಡು, ನನ್ನ ರಾಜೀನಾಮೆಯ ಕೆಳಗೆ ಒಂದೊಂದಾಗಿ, ಎಣಿಸಿ, ಎಂಟು ಚುಕ್ಕಿ ಇಟ್ಟರು.